ಕಾರವಾರದ ದಂಡೆಯ ಟುಪೊಲೆವ್

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಕಾರವಾರಕ್ಕೆ ಹೋದವರಿಗೆ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಬಳಿ, ನೌಕಾಪಡೆಯ ಹಳೆಯ ಟುಪೊಲೆವ್-142ಎಂ ವಿಮಾನ ಕಾಣಸಿಗುತ್ತದೆ. ಉದ್ದ 53 ಮೀಟರ್, ರೆಕ್ಕೆಗಳ ಹರವು 50.

ನನ್ನ ಕಣ್ಣು ಮೊದಲು ಹೋಗುವುದು ಎಂಜಿನ್‌ಗಳ ಕಡೆಗೇ. ನಾಲ್ಕು ಎಂಜಿನ್, ಒಂದೊಂದಕ್ಕೂ ಹಿಂದೆ ಮುಂದೆ ಎರಡೆರಡು ಪಂಖ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಮುಂದಿನದು ಸುತ್ತಿಸಿ ಬಿಟ್ಟ ಗಾಳಿಯನ್ನು ಹಿಂದಿನದು ನೆಟ್ಟಗೆ ಮಾಡಿ ತಳ್ಳುತ್ತದೆ. ಹಾಗಾಗಿಯೇ ಪಂಖದ ವಿಮಾನವಾದರೂ ಜೆಟ್‌ಗೆ ಹತ್ತಿರದ ವೇಗ. ಎಂಥ ಚೆಂದದ ಲೆಕ್ಕಾಚಾರ!

1988ರಲ್ಲಿ ಇಂಥ ವಿಮಾನಗಳು ಗೋವಾಕ್ಕೆ ಬಂದವು. ಆಮೇಲೆ ಅರಕ್ಕೋಣಂನಿಂದ ಹಾರಿ ಜಲಾಂತರ್ಗಾಮಿಗಳನ್ನು ಹುಡುಕಿದವು. 2017ರ ಮಾರ್ಚ್ 29ರಂದು ನಿವೃತ್ತಿ.

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಸಾವಿರಾರು ಹಳೆಯ ಯುದ್ಧವಿಮಾನಗಳನ್ನು ಬಯಲಲ್ಲೇ ನಿಲ್ಲಿಸಿಟ್ಟಿದ್ದಾರೆ. ಅಲ್ಲಿನ ಒಣಹವೆಗೆ ಲೋಹ ಬೇಗ ಕೆಡುವುದಿಲ್ಲ. ಕಾರವಾರದ್ದು ಉಪ್ಪುಗಾಳಿ, ಮುಂಗಾರಿನ ಜಡಿಮಳೆ. ಇಲ್ಲಿ ಬಿಟ್ಟರೆ ಕೆಟ್ಟಿತು. ಮೈ ತೊಳೆಯುವುದು, ಬಣ್ಣ ಬಳಿಯುವುದು, ಜೋಡಣೆಯ ಸಂದುಗಳನ್ನು ಪರೀಕ್ಷಿಸುವುದು ವರ್ಷ ತಪ್ಪದೆ ನಡೆಯಲಿ. ನೀವೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಜೋಡಿ ಪಂಖಗಳನ್ನು ಹತ್ತಿರದಿಂದ ತೋರಿಸಿ.