ಚೋಮ ಹೋಗಿ ನಿಂತ ಅಂಗಳ

2024ರಲ್ಲಿ ಫೆಲೋಶಿಪ್ ಹಣ ಕೆಲವು ತಿಂಗಳು ತಡವಾದಾಗ, ಸಾರಕ್ಕಿಯ ಬಾಡಿಗೆ ಕೋಣೆಯಲ್ಲಿದ್ದ ನಾನು ರಾತ್ರಿ ಹೊತ್ತು ಊಟದ ಪಾರ್ಸೆಲ್ ತಲುಪಿಸುವ ಕೆಲಸಕ್ಕೆ ಸೇರಿಕೊಂಡೆ. ಹಗಲು ಕಾರಂತರ ‘ಚೋಮನ ದುಡಿ’ಯ ಮೇಲೆ ಪ್ರಬಂಧದ ಅಧ್ಯಾಯ, ಸಂಜೆ ಏಳರಿಂದ ಬೈಕು. ಒಂದು ರಾತ್ರಿ ಸಾರಕ್ಕಿ ಸಿಗ್ನಲ್‌ನಲ್ಲಿ ನಿಂತಿದ್ದಾಗಲೇ ಐಡಿ ಬ್ಲಾಕ್ ಆಯಿತು. ಯಾಕೆಂದು ಕೇಳಿದರೆ ಚಾಟ್‌ನಲ್ಲಿ ಒಂದೇ ವಾಕ್ಯ ಮೂರು ಸಲ ಬಂತು. ನಾಲ್ಕನೇ ಸಲ ನಾನು ಕೇಳಲಿಲ್ಲ.

ಮರುದಿನ ಅಧ್ಯಾಯ ತೆರೆದಾಗ, ನಾನೇ ಬರೆದದ್ದು ಸುಳ್ಳೆನಿಸತೊಡಗಿತು. ಚೋಮನಿಗೆ ಬೇಸಾಯದ ಭೂಮಿ ನಿರಾಕರಿಸಿದ್ದು ‘ವ್ಯವಸ್ಥೆ’ ಎಂದು ಬರೆದಿದ್ದೆ. 1933ರ ಆ ಕಾದಂಬರಿಯಲ್ಲಿ ವ್ಯವಸ್ಥೆ ಅಷ್ಟು ಅಮೂರ್ತವಾಗಿಲ್ಲ. ಚೋಮ ಧಣಿ ಸಂಕಪ್ಪಯ್ಯನ ಅಂಗಳಕ್ಕೆ ಹೋಗಿ ನಿಲ್ಲುತ್ತಾನೆ, ಕೇಳುತ್ತಾನೆ. ಸಂಕಪ್ಪಯ್ಯನ ಮನಸ್ಸು ಹೊಯ್ದಾಡುತ್ತದೆ, ತಾಯಿ ಒಪ್ಪುವುದಿಲ್ಲ. ‘ಇಲ್ಲ’ ಎನ್ನುವ ಮಾತಿಗೆ ಅಲ್ಲಿ ಒಂದು ಬಾಯಿ ಇದೆ, ಆ ಬಾಯಿಯ ಹಿಂದೆ ಸಂಪ್ರದಾಯದ ಭಯವಿದೆ. ಹಾಗಾಗಿಯೇ ಓದುಗನಿಗೆ ಸಿಟ್ಟು ಬರುತ್ತದೆ: ಇವರು ಮನಸ್ಸು ಮಾಡಿದ್ದರೆ ಕೊಡಬಹುದಿತ್ತಲ್ಲ!

ಆ್ಯಪಿನ ಧಣಿಗೆ ಅಂಗಳವಿಲ್ಲ. ಯಾವ ಆರ್ಡರ್ ಯಾರಿಗೆ, ಇನ್ಸೆಂಟಿವ್ ಯಾಕೆ ಕಡಿಮೆಯಾಯಿತು, ಯಾರ ಐಡಿ ನಿಲ್ಲಬೇಕು ಎಂಬುದನ್ನೆಲ್ಲ ಪ್ರೋಗ್ರಾಮು ತೀರ್ಮಾನಿಸುತ್ತದೆ. ಅದರ ನಿಯಮಗಳನ್ನು ಬರೆದವರು ಮನುಷ್ಯರೇ. ಆದರೆ ಅವರ ಮನಸ್ಸಿನ ಹೊಯ್ದಾಟ ನಮ್ಮವರೆಗೆ ತಲುಪುವುದಿಲ್ಲ. ಸಿಟ್ಟು ಬಂದರೂ ಅದಕ್ಕೆ ವಿಳಾಸವಿಲ್ಲ.

ಕನ್ನಡದ ಐಟಿ ಕಥೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂತವರ ಒಂಟಿತನ, ತವರಿನ ನೆನಪು, ಇಎಂಐ ಭಾರ ಚೆನ್ನಾಗಿಯೇ ಬಂದಿವೆ. ಅದೇ ಕಂಪ್ಯೂಟರಿನ ಇನ್ನೊಂದು ತುದಿಯಲ್ಲಿ ಓಡುವವನು ಮಾತ್ರ ನಾನು ಓದಿದ ಕಥೆಗಳಲ್ಲಿ ಬೆಲ್ ಒತ್ತಿ, ಪೊಟ್ಟಣ ಕೊಟ್ಟು, ಹೊರಟುಹೋಗುತ್ತಾನೆ. ನಾನೂ ಅವನನ್ನು ಹಾಗೆಯೇ ನೋಡಿದ್ದೆ, ಬೈಕು ಹತ್ತುವವರೆಗೆ.

ಸಾಹಿತ್ಯಕ್ಕಿಂತ ಮೊದಲು ಕಾನೂನು ಅವನನ್ನು ಗಮನಿಸಿತು. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯ ಪ್ರಕಾರ, ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ 14 ದಿನಗಳ ನೋಟಿಸನ್ನು ಕಾರಣ ಸಹಿತ ಬರಹದಲ್ಲಿ ಕೊಡಬೇಕು. ಸ್ವಯಂಚಾಲಿತ ವ್ಯವಸ್ಥೆ ಕೆಲಸಗಾರನ ಮೇಲೆ ಹೇಗೆ ಪರಿಣಾಮ ಬೀರುತ್ತದೆಂದು ತಿಳಿಸಬೇಕು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಇದು ಕನಿಷ್ಠ ಕೂಲಿಯನ್ನೇನೂ ಗೊತ್ತುಮಾಡುವುದಿಲ್ಲ. ಆದರೂ ‘ಕಾರಣ ಬರೆದು ಕೊಡು’ ಎನ್ನುವುದು ಸಣ್ಣ ಮಾತಲ್ಲ. ಮತ್ತೆ ಒಂದು ಅಂಗಳ ಕಟ್ಟುವ ಪ್ರಯತ್ನ ಅದು.

ಅಂಗಳವಿದ್ದರೆ ಸಾಕು ಎಂದಲ್ಲ. ಚೋಮನಿಗೆ ಅಂಗಳವಿತ್ತು, ಭೂಮಿ ಸಿಗಲಿಲ್ಲ. ಮುಖವಿದ್ದ ಧಣಿಯನ್ನು ನೆನೆದು ಹಂಬಲಿಸುವುದು ಅವನಿಗೆ ಮಾಡುವ ಇನ್ನೊಂದು ಅವಮಾನ. ನನ್ನನ್ನು ಅವನ ಪಕ್ಕ ನಿಲ್ಲಿಸಿಕೊಳ್ಳುವುದೂ ತಪ್ಪೇ: ಐಡಿ ಹೋದಮೇಲೆ ಮರಳಲು ನನಗೆ ಒಂದು ಪ್ರಬಂಧವಿತ್ತು, ಜಾತಿ ನನ್ನನ್ನು ಯಾರ ಅಂಗಳದಿಂದಲೂ ದೂರ ನಿಲ್ಲಿಸಿರಲಿಲ್ಲ. ಸಾರಕ್ಕಿ ಮಾರುಕಟ್ಟೆಯ ಬಳಿ ನನ್ನೊಂದಿಗೆ ಆರ್ಡರಿಗೆ ಕಾಯುತ್ತಿದ್ದ ಅನೇಕರಿಗೆ ಅದೇ ಪೂರ್ತಿ ಜೀವನ.

ನನ್ನ ಐಡಿ ಮತ್ತೆ ತೆರೆಯಲಿಲ್ಲ. ಅಧ್ಯಾಯದಲ್ಲಿ ‘ವ್ಯವಸ್ಥೆ’ ಎಂದಿದ್ದ ಕಡೆಯಲ್ಲೆಲ್ಲ, ‘ಇಲ್ಲ’ ಎಂದವರು ಯಾರು ಎಂದು ಹುಡುಕಿ ಬರೆಯುತ್ತಿದ್ದೇನೆ. ಸಂಕಪ್ಪಯ್ಯನ ತಾಯಿಯ ಬಗ್ಗೆ ಮೊದಲು ಒಂದೇ ಸಾಲಿತ್ತು. ಈಗ ನಾಲ್ಕು ಪುಟವಾಗಿದೆ.