ತಲಾಟಿಯ ಬೆರಳು, ರೈತನ ಉತಾರ

ನಮ್ಮ ಗದಗ ಸೀಮೆಯಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ, ಗ್ರಾಮ ಲೆಕ್ಕಿಗರಿಗೆ ತಲಾಟಿ. ಮುಂಬಯಿ ಪ್ರಾಂತ್ಯದ ಕಾಲದಿಂದ ಉಳಿದು ಬಂದ ಮಾತುಗಳಿವು. ಉತಾರ ಬೇಕಾದರೆ ತಲಾಟಿ ಚಾವಡಿಗೆ ಬರುವ ದಿನ ಕಾಯಬೇಕಿತ್ತು. ದಫ್ತರ ಅವರ ಬಗಲಲ್ಲಿ. ಬರೆಯುವ ಕೈ ಅವರದು, ಆ ಕೈ ಏನನ್ನು ತಿದ್ದಿತು ಎಂದು ಊರಿಗೆ ತಿಳಿಯುವ ದಾರಿ ಇರಲಿಲ್ಲ.

2000ದ ಆಸುಪಾಸಿನಲ್ಲಿ ಬಂದ 'ಭೂಮಿ' ತಂತ್ರಾಂಶ ಈ ದಫ್ತರವನ್ನು ತಾಲ್ಲೂಕು ಕಚೇರಿಗೆ ಒಯ್ದಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆಗ 15 ರೂಪಾಯಿಗೆ ಸಿಗುತ್ತಿದ್ದ ಆ ಅಚ್ಚಿನ ಹಾಳೆಯನ್ನೇ ಎಲ್ಲರೂ ಹೊಗಳಿದರು. ನನಗೆ ಹಾಳೆಗಿಂತ ಅದರ ಹಿಂದಿನ ಅಧಿಕಾರದ ಹಂಚಿಕೆ ದೊಡ್ಡದಾಗಿ ಕಾಣುತ್ತದೆ. ವಾರಸಾ ಇರಲಿ, ವಾಟ್ನಿ (ಪಾಲು) ಇರಲಿ, ಖರೀದಿ ಇರಲಿ, ದಾಖಲಿಸುವವರು ಒಬ್ಬರು, ಆದೇಶ ಮಾಡುವ ಕಂದಾಯ ನಿರೀಕ್ಷಕರು ಇನ್ನೊಬ್ಬರು. ಮೊದಲು ಬಂದ ಅರ್ಜಿ ಮೊದಲು. ಬೇಕಾದವರ ಅರ್ಜಿಯನ್ನು ಎತ್ತಿ ಮುಂದಿಡಲು ತಂತ್ರಾಂಶ ಬಿಡುವುದಿಲ್ಲ. ಒಳಗೆ ಹೋಗಲು ಗುಪ್ತಪದ ಸಾಲದು, ಬೆರಳಚ್ಚು ಬೇಕು. ಅಲ್ಲಿಯವರೆಗೆ ಹೆಬ್ಬೆಟ್ಟು ಒತ್ತಿದವನು ರೈತ. ಮೊದಲ ಸಲ ಅಧಿಕಾರಿಯೂ ಬೆರಳೊತ್ತಿ, ಇದು ನಾನೇ ಮಾಡಿದ್ದು ಎಂದು ಒಪ್ಪಬೇಕಾಯಿತು. ಇದನ್ನು ಮನಸಾರೆ ಮೆಚ್ಚುತ್ತೇನೆ.

ಈ ಬಿಗಿ ಎಲ್ಲ ಕಡೆಯೂ ಇಲ್ಲ. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಗಳ ಇ-ಸ್ವತ್ತು ತಂತ್ರಾಂಶದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಡಿಜಿಟಲ್ ಸಹಿ ಒಂದು ಡಾಂಗಲ್‌ನಲ್ಲಿರುತ್ತದೆ. ಬೆರಳನ್ನು ಎರವಲು ಕೊಡಲಾಗದು, ಡಾಂಗಲನ್ನು ಕೊಡಬಹುದು. ಅದು ಮೇಜಿನ ಖಾನೆಯಲ್ಲಿ ಉಳಿದ ದಿನ ಸಹಿ ಯಾರದು, ಕೆಲಸ ಯಾರದು ಎಂಬುದು ಬೇರೆ ಬೇರೆಯಾಗುತ್ತದೆ.

ಬೆರಳಚ್ಚಿಗೂ ಒಂದು ಮಿತಿಯಿದೆ. ತಂತ್ರಾಂಶದೊಳಗೆ ಹೋಗುವ ಪರವಾನಗಿ ಸಿಗುವುದು ಮನುಷ್ಯನಿಗಲ್ಲ, ಹುದ್ದೆಗೆ. ಶಿರಹಟ್ಟಿಯಿಂದ ಬೇರೆಯಾಗಿ ಲಕ್ಷ್ಮೇಶ್ವರ ಸ್ವಂತ ತಾಲ್ಲೂಕಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಹುದ್ದೆಗಳು, ಹೊಸ ಲಾಗಿನ್‌ಗಳು. ಹುದ್ದೆ ಖಾಲಿ ಉಳಿದರೆ ಪಕ್ಕದವರಿಗೆ ಪ್ರಭಾರ ವಹಿಸುವುದು ಸರ್ಕಾರದ ಹಳೆಯ ರೂಢಿ. ಒಬ್ಬರನ್ನೊಬ್ಬರು ಕಾಯಲೆಂದು ಇಟ್ಟ ಎರಡು ಹುದ್ದೆಗಳ ಪ್ರಭಾರ ಒಬ್ಬರ ಮೇಲೇ ಬಿದ್ದರೆ, ತಂತ್ರಾಂಶದಲ್ಲಿ ಎರಡು ಬಾಗಿಲು ಉಳಿದರೂ ಕಾವಲಿನವರು ಒಬ್ಬರೇ. ಕೆಲಸದ ಹೊರೆಯೂ ಬೆಳೆಯುತ್ತಲೇ ಇದೆ. ಆ್ಯಪ್‌ಗಳ ಮೇಲೆ ಆ್ಯಪ್ ಹೊರಿಸುತ್ತಾರೆ, ಸಲಕರಣೆ ಕೊಡುವುದಿಲ್ಲ ಎಂದು ತಲಾಟಿಗಳು, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿಗಳು, 2024ರಲ್ಲಿ ಮುಷ್ಕರಕ್ಕೇ ಇಳಿದರು. ಆ ದೂರು ನ್ಯಾಯವಾದದ್ದು. ದಣಿದವರು ಪರದೆಯ ಮೇಲಿನದನ್ನು ಓದದೆ ಬೆರಳೊತ್ತಿದರೆ ಯಾವ ಯಂತ್ರವೂ ತಡೆಯಲಾರದು.

ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ 'ಭೂಮಿ'ಯ ಬಗ್ಗೆ ಒಂದು ಕಟುವಾದ ಟೀಕೆ ಮಾಡಿದ್ದರು: ದಾಖಲೆ ಊರಿನಿಂದ ಮೇಲಕ್ಕೆ ಹೋದಾಗ ಬೆಂಗಳೂರಿನ ಸುತ್ತ ಲಾಭವಾದದ್ದು ಜಮೀನು ಹುಡುಕುವ ದೊಡ್ಡವರಿಗೆ. ನಮ್ಮ ಎರಿಹೊಲದ ಸೀಮೆಗೆ ಅದನ್ನು ಪೂರ್ತಿ ಅನ್ವಯಿಸಲು ನಾನು ಹಿಂಜರಿಯುತ್ತೇನೆ. ಚಾವಡಿಯ ದಿನಗಳನ್ನು ಚಿನ್ನದ ಕಾಲವೆಂದು ಒಪ್ಪುವುದಂತೂ ಆಗದು. ಆದರೆ ಅವರು ಎತ್ತಿದ ಪ್ರಶ್ನೆ ಉಳಿದಿದೆ: ಇದರಲ್ಲಿ ರೈತನ ಜಾಗ ಎಲ್ಲಿ?

1964ರ ಭೂ ಕಂದಾಯ ಕಾಯ್ದೆ ಅವನಿಗೆ ತಕರಾರಿನ ಹಕ್ಕು ಕೊಟ್ಟಿದೆ. ನೋಟಿಸನ್ನು ಚಾವಡಿಗೆ ಅಂಟಿಸಿ ತಕರಾರಿಗೆ ಗೊತ್ತುಮಾಡಿದಷ್ಟು ದಿನ ಕಾಯಬೇಕು. ಮುಂಡರಗಿಯ ತಾಂಡಾದಿಂದ ಗೋವಾಕ್ಕೆ ದುಡಿಯಲು ಹೋದವನು ಆ ಗೋಡೆಯನ್ನು ಯಾವಾಗ ನೋಡಬೇಕು? ಅವನ ಸರ್ವೆ ನಂಬರನ್ನು ಯಾರು ಬೇಕಾದರೂ ಜಾಲತಾಣದಲ್ಲಿ ತೆರೆದು ನೋಡಬಹುದು. ಯಾವ ಲಾಗಿನ್ ಅದನ್ನು ಮುಟ್ಟಿತು ಎಂಬುದು ಮಾತ್ರ ಅವನ ಕೈಯಲ್ಲಿರುವ ಉತಾರದಲ್ಲಿ ಕಾಣುವುದಿಲ್ಲ. ಬೆರಳಚ್ಚಿನ ಲೆಕ್ಕ ಕಚೇರಿಯ ಒಳಗೆ ಇದ್ದೇ ಇದೆ. 2024ರಿಂದ ಪಹಣಿಗೆ ಆಧಾರ್ ಜೋಡಿಸುವ ಕೆಲಸವೂ ನಡೆದಿರುವುದರಿಂದ ಹೊಲದ ಒಡೆಯನನ್ನು ಗುರುತಿಸುವುದೂ ಈಗ ಕಷ್ಟವಲ್ಲ. ಆ ಲೆಕ್ಕ, ಮುಟ್ಟಿದವರ ಹುದ್ದೆ ಮತ್ತು ಹೆಸರಿನ ಸಮೇತ, ಅವನು ಕೇಳುವ ಮೊದಲೇ ಅವನ ಮೊಬೈಲಿಗೆ ಕನ್ನಡದಲ್ಲಿ ಬರಬೇಕು, ತಕರಾರಿನ ದಿನಗಳ ಎಣಿಕೆ ಅಲ್ಲಿಂದ ಶುರುವಾಗಬೇಕು.