ಸುಣ್ಣ ಕೇಳದ ದೆವ್ವ

ಕೇರಳದ ಯಕ್ಷಿ ದಾರಿಹೋಕನನ್ನು ತಡೆದು ಮೊದಲು ಕೇಳುವುದು ಸುಣ್ಣ. ಎಲೆ ಅಡಿಕೆ ಇದೆ, ಒಂದಿಷ್ಟು ಸುಣ್ಣ ಸಿಗಬಹುದೇ ಎಂಬ ಆ ಮಾತಿನಲ್ಲೇ ಕಥೆಯ ಅರ್ಧ ಭಯವಿದೆ. ಕೊಟ್ಟರೆ ಏನಾದೀತು, ಕೊಡದಿದ್ದರೆ ಏನಾದೀತು ಎಂದು ಕಥೆ ಕೇಳುವವರ ಎದೆ ಡವಗುಟ್ಟುತ್ತದೆ. ನಮ್ಮ ಕಡೆ 1990ರ ದಶಕದಲ್ಲಿ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದೂ ಇಂಥದೇ ಒಂದು ವ್ಯವಹಾರ. ರಾತ್ರಿ ಹೆಸರು ಹಿಡಿದು ಕರೆಯುವ ದೆವ್ವವನ್ನು, ಸಾಲ ವಸೂಲಿಗೆ ಬಂದವನನ್ನು ಸಾಗಹಾಕಿದ ಹಾಗೆ, ಬಾಗಿಲಲ್ಲೇ ಸಾಗಹಾಕುವುದು. ದೆವ್ವ ಏನನ್ನೋ ಬೇಡುತ್ತದೆ, ಮನುಷ್ಯ ಏನಾದರೊಂದು ಹೇಳಬೇಕಾಗುತ್ತದೆ. ಕುಟುಂಬ ಸಮೇತ ಟಿಕೆಟ್ ಕೊಂಡು ಹೋಗುವ ಥೀಮ್ ಪಾರ್ಕ್ ಹ್ಯಾಲೋವೀನ್ ರಾತ್ರಿಯನ್ನು ನಾನು ತೂಗಿ ನೋಡುವುದು ಈ ತಕ್ಕಡಿಯಲ್ಲಿ. ಅದು ಪರದೇಶದ್ದು, ದುಬಾರಿ ಎಂಬ ದೂರುಗಳು ನನಗೆ ಅಷ್ಟು ದೊಡ್ಡವೆನಿಸುವುದಿಲ್ಲ. ಅಲ್ಲಿನ ದೆವ್ವಕ್ಕೆ ನಮ್ಮಿಂದ ಬೇಕಾದ್ದು ಏನೂ ಇಲ್ಲ ಎಂಬುದೇ ನನ್ನ ತಕರಾರು.

ಮೊದಲು ಅದರ ಕಸುಬನ್ನು ಮೆಚ್ಚಬೇಕು. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ 1973ರಲ್ಲಿ ತನ್ನ ಪಾರ್ಕನ್ನೇ ಭೂತಗಳ ಊರಾಗಿಸಿ ಜನ ಸೆಳೆದ ಮೇಲೆ, ಅಮೆರಿಕದ ಪಾರ್ಕುಗಳಿಗೆ ಅಕ್ಟೋಬರ್ ಹೊಸ ಸುಗ್ಗಿಯಾಯಿತು. ಫ್ಲೋರಿಡಾದ ಡಿಸ್ನಿ ಮ್ಯಾಜಿಕ್ ಕಿಂಗ್‌ಡಮ್ 1995ರಲ್ಲಿ ಒಂದೇ ಒಂದು ರಾತ್ರಿಯ ಮಟ್ಟಿಗೆ, ಪುಟ್ಟ ಮಕ್ಕಳಿರುವ ಸಂಸಾರಗಳಿಗೆಂದೇ, ‘ಅಷ್ಟೇನೂ ಹೆದರಿಸದ’ ಹ್ಯಾಲೋವೀನ್ ಶುರುಮಾಡಿತು. ಹೆಸರಿನಲ್ಲೇ ಹೆದರಿಕೆಯನ್ನು ಅಳೆದು ಕೊಟ್ಟಿದ್ದಾರೆ, ಔಷಧದ ಬಾಟಲಿಯ ಮೇಲೆ ಬರೆದ ಹಾಗೆ. ರಾತ್ರಿ ದೀಪಗಳು ನೇರಳೆ, ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ, ಹೊಗೆ ತೇಲುತ್ತದೆ, ಮೆರವಣಿಗೆಗೆ ಮುಂಚೆ ತಲೆಯಿಲ್ಲದ ಸವಾರನೊಬ್ಬ ಕುದುರೆ ಓಡಿಸಿಕೊಂಡು ದಾಟಿಹೋಗುತ್ತಾನೆ. ಆ ಒಂದು ಕ್ಷಣ ನಿಜಕ್ಕೂ ಒಳ್ಳೆಯ ರಂಗತಂತ್ರ: ಗೊರಸಿನ ಸದ್ದು ಬಂದು ಮುಗಿಯುವಷ್ಟರಲ್ಲಿ ಮಗು ಅಪ್ಪನ ತೋಳು ಹಿಡಿದಿರುತ್ತದೆ. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸುವಾಗ ಆಗುವುದೂ ಇದೇ. ಹಗಲಿಡೀ ನೋಡಿದ ಜಾಗವನ್ನೇ ಕತ್ತಲಲ್ಲಿ ಬೇರೆ ಮಾಡಿ ತೋರಿಸುವ ಈ ಕುಶಲತೆಯನ್ನು ಬರೀ ವ್ಯಾಪಾರ ಎಂದು ತಳ್ಳಿಹಾಕುವ ವಿಮರ್ಶೆ ಸೋಮಾರಿ ವಿಮರ್ಶೆ.

ಆದರೆ ಸವಾರ ದಾಟಿದ ಮೇಲೆ ಉಳಿಯುವುದು ಮಿಠಾಯಿಯ ಸಾಲು. ‘ಟ್ರಿಕ್ ಆರ್ ಟ್ರೀಟ್’ ಎಂಬುದು ಮೂಲದಲ್ಲಿ ಒಂದು ಬೆದರಿಕೆ; ಏನಾದರೂ ಕೊಡಿ, ಇಲ್ಲದಿದ್ದರೆ ಕೀಟಲೆ ಮಾಡುತ್ತೇವೆ ಎಂದು ಮಕ್ಕಳು ನೆರೆಮನೆಯ ಬಾಗಿಲಲ್ಲಿ ನಿಂತು ಹಾಕುವ ಸವಾಲು. ಪಾರ್ಕಿನಲ್ಲಿ ಕೀಟಲೆ ಮಾಡಲು ಬಾಗಿಲೇ ಇಲ್ಲ. ಸಂಬಳದ ನೌಕರರು ಬುಟ್ಟಿಯಿಂದ ಚಾಕೊಲೇಟ್ ಹಂಚುತ್ತಾರೆ, ಮಗು ಚೀಲ ಒಡ್ಡುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ. ಇದನ್ನು ತುಳುನಾಡಿನ ಆಟಿ ಕಳೆಂಜದ ಪಕ್ಕ ಇಟ್ಟು ನೋಡಿ. ಮೈಗೆ ಬಣ್ಣ, ಸೊಂಟಕ್ಕೆ ತೆಂಗಿನ ಸಿರಿಯ ಉಡುಗೆ, ಕೈಯಲ್ಲಿ ತಾಳೆಗರಿಯ ಕೊಡೆ ಹಿಡಿದು ಮಳೆಗಾಲದ ಆಟಿ ತಿಂಗಳಲ್ಲಿ ಕಳೆಂಜ ಮನೆಮನೆಗೆ ಬರುತ್ತಾನೆ. ಊರಿನ ಮಾರಿಯನ್ನು ಕಳೆಯುತ್ತಾನೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಉಪ್ಪು, ಅರಿಶಿನ ಕೊಡಬೇಕು. ಕಾಸರಗೋಡಿನಲ್ಲಿ ಅದೇ ತಿಂಗಳು, ಮಲಯಾಳಿಗಳ ಕರ್ಕಾಟಕದಲ್ಲಿ, ಗಳಿಂಜನ್ ಮತ್ತು ವೇಡನ್ ವೇಷಗಳು ಬರುತ್ತವೆ, ಎಷ್ಟೋ ಕಡೆ ಕಟ್ಟುವವರು ಶಾಲೆಗೆ ಹೋಗುವ ಮಕ್ಕಳೇ. ವೇಷಧಾರಿ ಮಗು, ತೆರೆದ ಬಾಗಿಲು, ಕೊಡಲೇಬೇಕಾದ ಮನೆಯವರು ಎಲ್ಲವೂ ಇಲ್ಲಿವೆ, ಮತ್ತು ಕೊಟ್ಟದ್ದಕ್ಕೆ ಪ್ರತಿಯಾಗಿ ಮನೆಯಿಂದ ಒಂದು ಕೇಡು ಹೊರಟುಹೋಯಿತೆಂಬ ನೆಮ್ಮದಿಯೂ ಇದೆ. ಕಳೆಂಜ ಆಟಿ ಬಿಟ್ಟು ಬೇರೆ ತಿಂಗಳಲ್ಲಿ ಬಂದರೆ ನಗೆಪಾಟಲು. ಡಿಸ್ನಿಯ ಒಂದು ರಾತ್ರಿಯೋ, 2024ರಲ್ಲಿ ಆಗಸ್ಟ್ 9ಕ್ಕೇ ಶುರುವಾಗಿ ಅಕ್ಟೋಬರ್ 31ರವರೆಗೆ ಎಳೆಯಿತು. ಇಲ್ಲಿ ಇನ್ನೂ ಆಟಿಯೇ ಮುಗಿದಿರಲಿಲ್ಲ! ಯಾವಾಗ ಬೇಕಾದರೂ ಬರುವ ದೆವ್ವಕ್ಕೆ ಕಾಯುವವರು ಯಾರು?

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಜಾರಿಸಿ ಮುಂದೆ ಹೋಗುವುದು ಅಪ್ರಾಮಾಣಿಕತನ. ಕಳೆಂಜ ಕಟ್ಟುವುದು ನಲಿಕೆಯವರ ಪಾಲಿಗೆ ಬಂದ ಜಾತಿಕಸುಬು. ವೇಡನ್ ಕಟ್ಟುವವರು ಮಲಯನ್ ಮನೆಗಳ ಮಕ್ಕಳು. ಕೊಡುವ ಮನೆ ಯಾವುದು, ಅಂಗಳದಲ್ಲಿ ನಿಂತು ಪಡೆಯುವವರು ಯಾರು ಎಂಬುದು ವೇಷ ಹಾಕುವ ಮೊದಲೇ ತೀರ್ಮಾನವಾಗಿತ್ತು. ಆ ಅಂಗಳವನ್ನು ಹಂಬಲಿಸಿ ಬರೆಯುವವರು ಸಾಮಾನ್ಯವಾಗಿ ಜಗಲಿಯ ಮೇಲೆ ಕುಳಿತಿದ್ದವರ ಮೊಮ್ಮಕ್ಕಳು. ಪಾರ್ಕಿನಲ್ಲಿ ಯಾರ ಮಗು ಬೇಕಾದರೂ ರಾಜಕುಮಾರಿ, ಯಾರ ಮಗು ಬೇಕಾದರೂ ಕಡಲುಗಳ್ಳ. ಇದು ಸಣ್ಣ ಗಳಿಕೆಯಲ್ಲ. ಆದರೆ ಆ ಸಮಾನತೆಯ ಗೇಟಿನಲ್ಲಿ ಬೇರೊಂದು ಅಳತೆ ಕೂತಿದೆ. 2024ರಲ್ಲಿ ಡಿಸ್ನಿಯ ಆ ಒಂದು ಸಂಜೆಯ ಟಿಕೆಟ್ಟಿಗೆ ತಲಾ 119 ಡಾಲರಿನಿಂದ 199 ಡಾಲರ್. 14 ವರ್ಷ ತುಂಬಿದವರು ಮುಖವಾಡ ಹಾಕುವಂತಿಲ್ಲ ಎಂಬ ನಿಯಮವೂ ಇದೆ. ಭದ್ರತೆಗೆ ಅದು ಬೇಕೇನೋ, ಆದರೆ ವೇಷ ತೊಟ್ಟರೂ ದೊಡ್ಡವರು ಹೆಚ್ಚಾಗಿ ನೋಡುಗರಾಗಿ, ಹಣ ತೆರುವವರಾಗಿಯೇ ಉಳಿಯುತ್ತಾರೆ. ಹಳೆಯ ಪದ್ಧತಿಯ ಜಾತಿಯನ್ನು ಬಿಟ್ಟು ಅದರ ಕೊಡುಕೊಳ್ಳುವಿಕೆಯನ್ನು ಉಳಿಸಿಕೊಳ್ಳಬಹುದಿತ್ತು. ಪಾರ್ಕು ಎರಡನ್ನೂ ಒಟ್ಟಿಗೆ ಗುಡಿಸಿ ಹಾಕಿತು.

ಪರಕೀಯತೆಯ ಆಕ್ಷೇಪಕ್ಕೆ ಕೊಚ್ಚಿಯೇ ಉತ್ತರ ಹೇಳುತ್ತದೆ. ಡಿಸೆಂಬರ್ 31ರ ನಡುರಾತ್ರಿ ಫೋರ್ಟ್ ಕೊಚ್ಚಿಯಲ್ಲಿ ಸುಡುವ ಪಪ್ಪಾಂಜಿ, ಕೋಟು ತೊಟ್ಟ ಗಡ್ಡದ ಮುದುಕ, ಪೋರ್ಚುಗೀಸರ ಕಾಲದ ನೆನಪು ಎನ್ನುತ್ತಾರೆ. ಪೋರ್ಚುಗೀಸರನ್ನು ಡಚ್ಚರು 1663ರಲ್ಲಿ ಅಲ್ಲಿಂದ ಓಡಿಸಿದರು. ಮುದುಕ ಮಾತ್ರ ಊರಿನವನಾಗಿ ಉಳಿದ. ಏಕೆಂದರೆ ದೊಡ್ಡ ಮೈದಾನದ ಪಪ್ಪಾಂಜಿಯ ಜೊತೆಗೆ ಓಣಿಓಣಿಯಲ್ಲೂ ಹುಡುಗರು ಹುಲ್ಲು, ಹಳೆಯ ಬಟ್ಟೆ ತುಂಬಿ ತಮ್ಮದೊಂದು ಪುಟ್ಟ ಪಪ್ಪಾಂಜಿ ಮಾಡುತ್ತಾರೆ. ಆ ಹಳೆಯ ಅಂಗಿ ಯಾರದೋ ಮನೆಯಿಂದ ಕೇಳಿ ತಂದದ್ದೇ ಆಗಬೇಕಲ್ಲ. ಹಾಗೆ ಕೇಳಿ ತಂದದ್ದು ಎಲ್ಲಿಂದ ಬಂದರೂ ಊರಿನದ್ದಾಗುತ್ತದೆ. ಕುಂಬಳಕಾಯಿಯೂ ಅಷ್ಟೇ: ಐರಿಶ್ ವಲಸಿಗರು ಅಮೆರಿಕದಲ್ಲಿ ಹ್ಯಾಲೋವೀನ್ ದೀಪ ಕೊರೆಯಲು ಟರ್ನಿಪ್ ಗೆಡ್ಡೆ ಬಿಟ್ಟು ಕುಂಬಳ ಹಿಡಿದರು, ನಾವು ಆಯುಧಪೂಜೆಗೆ ಬೂದುಕುಂಬಳ ಒಡೆದು ಬೆಂಗಳೂರಿನ ರಸ್ತೆಗಳಲ್ಲಿ ಸ್ಕೂಟರ್ ಜಾರಿಸುತ್ತೇವೆ. ಒಂದು ತರಕಾರಿಯ ವಿಚಾರದಲ್ಲಿ ಸ್ವದೇಶಿ ಜಗಳ ಬೇಡ.

ಹಾಗಾಗಿ ಇತ್ತೀಚಿನ ವರ್ಷಗಳಲ್ಲಿ ಕೊಚ್ಚಿ, ಬೆಂಗಳೂರುಗಳ ಮಾಲ್, ರೆಸಾರ್ಟ್, ಪಾರ್ಕುಗಳು ಅಕ್ಟೋಬರ್ ಕೊನೆಗೆ ಜೇಡರಬಲೆ ತೂಗುಹಾಕುವುದನ್ನು ಕಂಡಾಗ ನನಗೆ ಬೇಸರವಾಗುವುದು ನಕಲಿಗಲ್ಲ, ನಕಲು ಮಾಡಿದ್ದು ತೀರಾ ಕಡಿಮೆ ಎಂಬುದಕ್ಕೆ. ರಾತ್ರಿಯ ರಂಗತಂತ್ರ ಬರಲಿಲ್ಲ. ಪ್ಲಾಸ್ಟಿಕ್ ಅಸ್ಥಿಪಂಜರ ಬಂತು. ಕೇರಳದ ಮೊದಲ ಸಾಲಿನ ಪಾರ್ಕು, 2000ದಲ್ಲಿ ವೀಗಾಲ್ಯಾಂಡ್ ಎಂದು ತೆರೆದು ಈಗ ವಂಡರ್‌ಲಾ ಆಗಿರುವುದು, ಎರ್ನಾಕುಲಂ ಜಿಲ್ಲೆಯ ಪಳ್ಳಿಕ್ಕರದಲ್ಲಿದೆ. ಅದೇ ಜಿಲ್ಲೆಯಲ್ಲಿ ಕಡಮಟ್ಟಂ ಇದೆ, ಭೂತಗಳನ್ನು ಪಳಗಿಸಿದ ಪಾದ್ರಿ ಕಡಮಟ್ಟತ್ತು ಕತ್ತನಾರನ ಊರು. ಕೊಟ್ಟಾರತ್ತಿಲ್ ಶಂಕುಣ್ಣಿಯ ‘ಐತಿಹ್ಯಮಾಲಾ’ದಲ್ಲಿ ಅವನು ತಿರುವನಂತಪುರದ ಕಡೆಯ ದಾರಿಯ ಯಕ್ಷಿಗೆ ಸುಣ್ಣ ಕೊಡುವ ನೆಪದಲ್ಲೇ ಹತ್ತಿರ ಹೋಗಿ ಮೊಳೆ ಹೊಡೆಯುತ್ತಾನೆ, ತಲೆ ಬಾಚುವಾಗ ಕೈಗೆ ಸಿಕ್ಕ ಮೊಳೆಯನ್ನು ಅಜ್ಜಿಯೊಬ್ಬಳು ಕರುಣೆಯಿಂದ ಕಿತ್ತಾಗ ಯಕ್ಷಿ ಹಾರಿಹೋಗುತ್ತಾಳೆ. 2025ರ ಮಲಯಾಳಂ ಸಿನಿಮಾ ‘ಲೋಕಾ’ ಜನಪದ ಕಥೆಯ ಯಕ್ಷಿ ಕಳ್ಳಿಯಂಕಾಟ್ಟು ನೀಲಿಯನ್ನು ಬೆಂಗಳೂರಿನ ಬಾಡಿಗೆ ಫ್ಲ್ಯಾಟಿಗೆ ತಂದು ಕೂರಿಸಿ ಜನ ಮೆಚ್ಚುವಂತೆ ಮಾಡಿದ ಮೇಲೂ, ವೇಷದ ಅಂಗಡಿಯಲ್ಲಿ ಮಗುವಿಗೆ ಡ್ರಾಕುಲಾನ ಕಪ್ಪು ಮೇಲುಡುಪೇ ಏಕೆ? ಭಯಕ್ಕಂತೂ ಎರ್ನಾಕುಲಂ ಜಿಲ್ಲೆಯಲ್ಲಿ ಬರವಿಲ್ಲ. ರಾಸಾಯನಿಕ ಕಾರ್ಖಾನೆಗಳ ಏಲೂರಿನ ಬಳಿ 2024ರ ಮೇ ತಿಂಗಳಲ್ಲಿ ಪೆರಿಯಾರ್ ನದಿಯ ತುಂಬ ಸತ್ತ ಮೀನು ತೇಲಿದವು. ಆ ದೃಶ್ಯ, ಪಾರ್ಕಿನ ದೆವ್ವದ ಹಾಗಲ್ಲ, ನಮ್ಮಿಂದ ಉತ್ತರ ಕೇಳುವಂಥದ್ದು.

ಮಕ್ಕಳು ಸಂತೋಷಪಟ್ಟರಲ್ಲ, ಸುರಕ್ಷಿತವಾಗಿದ್ದರಲ್ಲ, ಇಷ್ಟು ಲೆಕ್ಕಾಚಾರ ಏಕೆ ಎನ್ನಬಹುದು. ವಾರವಿಡೀ ದುಡಿದ ತಂದೆತಾಯಿಗೆ ಬೇಲಿಯೊಳಗೆ ಮಗುವನ್ನು ಬಿಟ್ಟು ಉಸಿರಾಡುವ ಒಂದು ಸಂಜೆ ಬೇಕು, ಒಪ್ಪಿದೆ. ಆದರೆ ಅದೇ ಸುರಕ್ಷತೆಯಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಮಕ್ಕಳು ಮಹಡಿಯಿಂದ ಮಹಡಿಗೆ ಗಂಟೆ ಒತ್ತಿಕೊಂಡು ಹೋಗುವ ಹ್ಯಾಲೋವೀನ್ ಪಾರ್ಕಿನದಕ್ಕಿಂತ ಮೇಲು ಎನ್ನುತ್ತೇನೆ, ವೇಷ ಎಷ್ಟೇ ಕಳಪೆಯಾಗಿರಲಿ. ಅಲ್ಲಿ ಎಂದೂ ಮಾತಾಡಿಸದ ನೆರೆಯವರು ಬಾಗಿಲು ತೆರೆಯಬೇಕಾಗುತ್ತದೆ, ಮನೆಯಲ್ಲಿ ಚಾಕೊಲೇಟ್ ಇಲ್ಲದಿದ್ದರೆ ಕೋಡುಬಳೆಯನ್ನಾದರೂ ಹುಡುಕಬೇಕಾಗುತ್ತದೆ. ಇನ್ನೊಂದು ಸಂಗತಿ: ಹ್ಯಾಲೋವೀನ್ ಎಂದರೆ ಸಕಲ ಸಂತರ ಹಬ್ಬದ ಮುನ್ನಾ ಸಂಜೆ. ನವೆಂಬರ್ 1ರಂದು ನಾವು ರಾಜ್ಯೋತ್ಸವ, ಮಲಯಾಳಿಗಳು ಕೇರಳಪ್ಪಿರವಿ ಎಂದು ಗದ್ದಲದಲ್ಲಿರುತ್ತೇವೆ. ಮರುದಿನ, 2ಕ್ಕೆ, ಮಂಗಳೂರಿನ ಕೆಥೋಲಿಕರೂ ಕೊಚ್ಚಿಯ ಲ್ಯಾಟಿನ್ ಕ್ರೈಸ್ತರೂ ಸತ್ತವರನ್ನು ನೆನೆಯುತ್ತಾರೆ. ಸಮಾಧಿಗಳಿಗೆ ಹೂ ಬರುತ್ತದೆ, ಮೇಣದಬತ್ತಿ ಬರುತ್ತದೆ, ಮಕ್ಕಳೂ ಜೊತೆಗೆ ಬರುತ್ತಾರೆ. ಗಾಳಿಗೆ ಬತ್ತಿ ಆರಿದರೆ ಪಕ್ಕದ ಸಮಾಧಿಯ ಕುಟುಂಬದವರಲ್ಲಿ ಬೆಂಕಿ ಕೇಳಬೇಕು.